ಆಕಾರವು ಆಡುವ ಮಾತು

ವ್ಯಾಪಾರದಲ್ಲಿ ಅಸತ್ಯವು ಬಾಯಿಂದಲೇ ಹೊರಡಬೇಕೆಂಬ ನಿಯಮವಿಲ್ಲ. ತಕ್ಕಡಿಯ ಮುಳ್ಳು, ಪೊಟ್ಟಣದ ಮೇಲಿನ ಚಿತ್ರ, ಬಟ್ಟೆಯ ಹೊಳಪು ಇವೂ ಮಾತನಾಡುತ್ತವೆ. ಗ್ರಾಹಕನು ಎಷ್ಟೋ ಸಲ ಅಂಗಡಿಯವನ ಮಾತಿಗಿಂತ ಇವುಗಳ ಮಾತನ್ನೇ ಹೆಚ್ಚು ನಂಬುತ್ತಾನೆ. ಹೀಗಿರುವಾಗ ಒಂದು ವಸ್ತುವಿನ ಆಕಾರವೇ ಭರವಸೆಯನ್ನು ಕೊಟ್ಟು, ಅದರ ಒಳಗಿನ ಶಕ್ತಿಯು ಆ ಭರವಸೆಯನ್ನು ನಡೆಸಿಕೊಡದೆ ಹೋದರೆ, ಆ ಅಸತ್ಯದ ಹೊಣೆ ಯಾರದು? ತಯಾರಿಸಿದವನದೇ, ಮಾರಿದವನದೇ, ಕೇಳದೆ ಕೊಂಡವನದೇ? ಈ ಪ್ರಶ್ನೆಯನ್ನು ಇಂದು ಅನೇಕರ ಮೇಜಿನ ಮೇಲೆ ಕುಳಿತಿರುವ ಒಂದು ಸಣ್ಣ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು ವಿಚಾರಿಸಬಹುದೆಂದು ನನಗೆ ತೋರಿದೆ. ಅದರ ಹೆಸರು ಡಾಕಿಂಗ್ ಸ್ಟೇಷನ್. ಅಂಗಡಿಗಳಲ್ಲಿ ಚಿಕ್ಕದಾಗಿ ಡಾಕ್ ಎನ್ನುತ್ತಾರೆ.

ಈ ಉಪಕರಣದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಲ್ಯಾಪ್‌ಟಾಪ್ ಹೊತ್ತೊಯ್ಯಲು ಅನುಕೂಲವಾದ ಯಂತ್ರ. ಆದರೆ ದಿನವಿಡೀ ಕುಳಿತು ಲೆಕ್ಕ ಬರೆಯುವವನಿಗೆ ಅದರ ಪರದೆ ಚಿಕ್ಕದು, ಕೀಲಿಗಳು ಇಕ್ಕಟ್ಟು. ಆದುದರಿಂದ ಮೇಜಿನ ಮೇಲೆ ದೊಡ್ಡ ಮಾನಿಟರ್, ಬೇರೆ ಕೀಬೋರ್ಡ್, ಮೌಸ್, ಪ್ರಿಂಟರ್, ಇಂಟರ್ನೆಟ್ಟಿನ ತಂತಿ, ಚಾರ್ಜರ್ ಇವೆಲ್ಲ ಬೇಕಾಗುತ್ತವೆ. ಪ್ರತಿದಿನ ಬೆಳಿಗ್ಗೆ ಆರು ತಂತಿಗಳನ್ನು ಸಿಕ್ಕಿಸಿ ಸಂಜೆ ಆರನ್ನೂ ಕೀಳುವುದಕ್ಕೆ ಬದಲಾಗಿ, ಅವೆಲ್ಲವನ್ನೂ ಒಮ್ಮೆ ಡಾಕಿಗೆ ಜೋಡಿಸಿಟ್ಟರೆ, ಡಾಕಿನಿಂದ ಲ್ಯಾಪ್‌ಟಾಪಿಗೆ ಬರುವ ಒಂದೇ ತಂತಿಯು ಎಲ್ಲ ಕೆಲಸವನ್ನೂ ಮಾಡುತ್ತದೆ. ಸಂಜೆ ಒಂದು ತಂತಿಯನ್ನು ಕಿತ್ತು ಹೊರಟುಬಿಡಬಹುದು. ಇದನ್ನು ಆಧುನಿಕ ಅಪರಿಗ್ರಹವೆಂದು ಕೊಂಡಾಡುವ ಉತ್ಸಾಹಿ ತರುಣರೂ ಇದ್ದಾರೆ. ಮೇಜಿನ ಮೇಲಿನ ಸಾಮಾನುಗಳು ಇದ್ದಲ್ಲಿಯೇ ಇರುತ್ತವೆಂಬುದನ್ನು ಅವರು ಮರೆತಿರುತ್ತಾರೆ, ಅಷ್ಟೆ.

ಈ ಕಲ್ಪನೆ ಹೊಸದಲ್ಲ. 1992ರಲ್ಲಿ ಆಪಲ್ ಸಂಸ್ಥೆಯು ಪವರ್‌ಬುಕ್ ಡುಯೊ ಎಂಬ ಚಿಕ್ಕ ಯಂತ್ರವನ್ನೂ ಅದಕ್ಕೆಂದೇ ಡುಯೊ ಡಾಕ್ ಎಂಬ ಪೆಟ್ಟಿಗೆಯನ್ನೂ ಹೊರತಂದಿತು. ವಿಡಿಯೊ ಕ್ಯಾಸೆಟ್ಟು ಪ್ಲೇಯರಿನೊಳಗೆ ಜಾರುವಂತೆ ಇಡೀ ಕಂಪ್ಯೂಟರು ಆ ಪೆಟ್ಟಿಗೆಯ ಬಾಯೊಳಗೆ ಜಾರುತ್ತಿತ್ತು. ಮುಂದೆ ಥಿಂಕ್‌ಪ್ಯಾಡ್, ಡೆಲ್, ಎಚ್‌ಪಿ ಮುಂತಾದ ಕಚೇರಿ ಯಂತ್ರಗಳ ತಳದಲ್ಲಿ ಸಾಲುಸಾಲು ಲೋಹದ ಸಂಪರ್ಕಗಳಿರುವ ಒಂದು ವಿಶೇಷ ಕಿಂಡಿ ಬಂದಿತು; ಯಂತ್ರವನ್ನು ಡಾಕಿನ ಮೇಲೆ ಒತ್ತಿ ಕೂರಿಸಿದರೆ ಟಕ್ಕೆಂದು ಹಿಡಿದುಕೊಳ್ಳುತ್ತಿತ್ತು. ಒಂದು ಕಂಪನಿಯ ಡಾಕ್ ಇನ್ನೊಂದು ಕಂಪನಿಯ ಯಂತ್ರಕ್ಕೆ ಸರ್ವಥಾ ಹೊಂದುತ್ತಿರಲಿಲ್ಲ. ಒಂದೇ ಕಂಪನಿಯಲ್ಲಿಯೂ ಒಂದು ಪೀಳಿಗೆಯದು ಇನ್ನೊಂದಕ್ಕೆ ಹೊಂದುವುದು ಖಚಿತವಿರಲಿಲ್ಲ. ಲ್ಯಾಪ್‌ಟಾಪ್ ಬದಲಾಯಿಸಿದ ದಿನ ಸುಸ್ಥಿತಿಯಲ್ಲಿದ್ದ ಡಾಕ್ ನಿಷ್ಪ್ರಯೋಜಕವಾಗಿ ಬೀರುವಿನ ತಳ ಸೇರುತ್ತಿತ್ತು. ಗ್ರಾಹಕನನ್ನು ಒಂದೇ ಕಂಪನಿಯ ಗೂಟಕ್ಕೆ ಕಟ್ಟಿಹಾಕುವ ಉದ್ದೇಶವೂ ಇದರಲ್ಲಿತ್ತೆಂದರೆ ಅನ್ಯಾಯವಾಗಲಾರದು.

ಇಷ್ಟು ದೋಷಗಳಿದ್ದ ಆ ಹಳೆಯ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು. ಅದು ಸುಳ್ಳು ಹೇಳುತ್ತಿರಲಿಲ್ಲ. ಹೊಂದದ್ದು ಒಳಗೇ ಹೋಗುತ್ತಿರಲಿಲ್ಲ. ಕೂಡದೆಂಬುದನ್ನು ಆಕಾರವೇ ಸ್ಪಷ್ಟವಾಗಿ ತಿಳಿಸುತ್ತಿದ್ದುದರಿಂದ ಅಂಗಡಿಯವನು ಮೌನವಾಗಿದ್ದರೂ ಗ್ರಾಹಕನು ಮೋಸಹೋಗುವ ಸಂಭವ ಕಡಿಮೆ.

2014ರಲ್ಲಿ ಯುಎಸ್‌ಬಿ ಟೈಪ್-ಸಿ ಎಂಬ ಹೊಸ ಕಿಂಡಿಯ ವಿವರಗಳು ಪ್ರಕಟವಾದವು. ಇಂದು ಮೊಬೈಲು ಹಿಡಿದ ಪ್ರತಿಯೊಬ್ಬರೂ ಬಲ್ಲ ಆ ಅಂಡಾಕಾರದ ಸಣ್ಣ ಕಿಂಡಿಯೇ ಅದು. ಅದರೊಳಗೆ 24 ಸಂಪರ್ಕಬಿಂದುಗಳಿವೆ. ತಂತಿಯನ್ನು ಹೇಗೆ ತಿರುಗಿಸಿ ಸಿಕ್ಕಿಸಿದರೂ ನಡೆಯುತ್ತದೆ. ವಿದ್ಯುತ್ತು, ಮಾಹಿತಿ, ಚಿತ್ರ ಮೂರೂ ಅದರ ಮೂಲಕ ಹರಿಯಬಲ್ಲವು. ಮರುವರ್ಷ, 2015ರಲ್ಲಿ, ಇಂಟೆಲ್ ಸಂಸ್ಥೆಯ ಥಂಡರ್‌ಬೋಲ್ಟ್ ಎಂಬ ಅತಿವೇಗದ ಸಂಪರ್ಕದ ಮೂರನೆಯ ಆವೃತ್ತಿಯೂ ಇದೇ ಆಕಾರವನ್ನು ಅಂಗೀಕರಿಸಿತು. ಯಾವ ಕಂಪನಿಯ ಡಾಕಾದರೂ ಯಾವ ಕಂಪನಿಯ ಲ್ಯಾಪ್‌ಟಾಪಿಗಾದರೂ ಸಿಕ್ಕಿಕೊಳ್ಳುವ ಕಾಲ ಬಂದಿತು. ವಸ್ತುಗಳ ಸಂಖ್ಯೆ ಕಡಿಮೆಯಾಗಲೆಂದು, ಕಸ ಕಡಿಮೆಯಾಗಲೆಂದು ಮಾಡಿದ ಈ ಏಕೀಕರಣವನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ.

ಆದರೆ ‘ಹರಿಯಬಲ್ಲವು’ ಎಂದೆನೇ ಹೊರತು ‘ಹರಿಯುತ್ತವೆ’ ಎನ್ನಲಿಲ್ಲ. ತೊಡಕು ಇರುವುದು ಅಲ್ಲಿಯೇ. ಕಿಂಡಿಗೆ ಈ ಆಕಾರವನ್ನು ಕೊಟ್ಟ ಮಾತ್ರಕ್ಕೆ ತಯಾರಕನು ಮೂರನ್ನೂ ಕೊಡಬೇಕೆಂಬ ಕಟ್ಟುಪಾಡಿಲ್ಲ. ಒಂದು ಯಂತ್ರದ ಟೈಪ್-ಸಿ ಕಿಂಡಿಯಲ್ಲಿ ಮಾಹಿತಿ ಮಾತ್ರ ಹರಿಯುತ್ತದೆ, ಚಿತ್ರ ಹೊರಬರುವುದಿಲ್ಲ. ಇನ್ನೊಂದರಲ್ಲಿ ಚಿತ್ರ ಬರುತ್ತದೆ, ಯಂತ್ರ ಚಾರ್ಜಾಗುವುದಿಲ್ಲ. ಮೂರನೆಯದರಲ್ಲಿ ಎಲ್ಲವೂ ಇದೆ, ಮೇಲಾಗಿ ಸೆಕೆಂಡಿಗೆ 40 ಗಿಗಾಬಿಟ್ ವೇಗವೂ ಇದೆ. ಕಣ್ಣಿಗೆ ಮೂರೂ ಒಂದೇ. ತಂತಿಯ ಕಥೆಯೂ ಹೀಗೆಯೇ. ಮೊಬೈಲಿನೊಡನೆ ಬರುವ ಸಾಮಾನ್ಯ ತಂತಿಯಲ್ಲಿ ವಿದ್ಯುತ್ತಿನೊಡನೆ ಸೆಕೆಂಡಿಗೆ 480 ಮೆಗಾಬಿಟ್ಟಿನ ನಿಧಾನದ ಮಾಹಿತಿ ಮಾತ್ರ ಸಾಗುವುದೇ ಹೆಚ್ಚು. ಚಿತ್ರಕ್ಕೆ ಬೇಕಾದ ಎಳೆಗಳೇ ಅದರಲ್ಲಿರುವುದಿಲ್ಲ. 60 ವ್ಯಾಟ್‌ಗಿಂತ ಹೆಚ್ಚಿನ ವಿದ್ಯುತ್ತು ಸಾಗಬೇಕಾದರೆ ತಂತಿಯೊಳಗೆ ತನ್ನ ಸಾಮರ್ಥ್ಯವನ್ನು ತಿಳಿಸುವ ಒಂದು ಸಣ್ಣ ಚಿಪ್ ಇರಬೇಕು. ಅದು ಇದೆಯೋ ಇಲ್ಲವೋ ಎಂಬುದನ್ನು ಹೊರಗಿನ ರಬ್ಬರು ಹೇಳುವುದಿಲ್ಲ.

ಈಗ ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದಾದರೊಂದು ಅಂಗಡಿಗೆ ಒಬ್ಬ ತೆರಿಗೆ ಸಲಹೆಗಾರನು ಬಂದನೆಂದು ಕಲ್ಪಿಸೋಣ. ರಿಟರ್ನ್ ಸಲ್ಲಿಕೆಯ ಕೊನೆಯ ದಿನಗಳು. ಎಡಗಡೆಯ ಪರದೆಯಲ್ಲಿ ಕಕ್ಷಿದಾರನ ಲೆಕ್ಕದ ಪುಸ್ತಕ, ಬಲಗಡೆಯ ಪರದೆಯಲ್ಲಿ ಇಲಾಖೆಯ ನಮೂನೆ ಇಟ್ಟುಕೊಂಡು ಅಂಕಿ ಅಂಕಿಗೆ ಹೊಂದಿಸುವುದು ಅವನ ಕೆಲಸ. ಅವನಲ್ಲಿರುವುದು 2020ರಲ್ಲಿ ಬಂದ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್. ‘ಎರಡು ಮಾನಿಟರ್ ನಡೆಸುವ ಡಾಕ್ ಕೊಡಿ’ ಎನ್ನುತ್ತಾನೆ. ಎರಡು ಎಚ್‌ಡಿಎಂಐ ಕಿಂಡಿಗಳಿರುವ ಡಾಕ್ ಕೌಂಟರಿನ ಮೇಲೆ ಬರುತ್ತದೆ. ಪೊಟ್ಟಣದ ಮೇಲೆ ಎರಡು ಪರದೆಗಳ ಚಿತ್ರವಿದೆ. ಹಣ ಸಂದಾಯವಾಗುತ್ತದೆ. ಕಚೇರಿಗೆ ಹೋಗಿ ಜೋಡಿಸಿದರೆ ಎರಡೂ ಪರದೆಗಳು ಬೆಳಗುತ್ತವೆ, ನಿಜ. ಆದರೆ ಎರಡರಲ್ಲಿಯೂ ಒಂದೇ ಚಿತ್ರ! ಏಕೆಂದರೆ ಆ ಯಂತ್ರದ ಚಿಪ್ ಹೊರಗಿನ ಒಂದೇ ಪರದೆಗೆ ಚಿತ್ರವನ್ನು ಕೊಡಬಲ್ಲದು. ಅಲ್ಲದೆ ಇಂತಹ ಡಾಕುಗಳು ಒಂದು ಚಿತ್ರಪ್ರವಾಹವನ್ನು ಎರಡಾಗಿ ಕವಲೊಡೆಸುವ ವಿಧಾನವನ್ನು ವಿಂಡೋಸ್ ಒಪ್ಪುತ್ತದೆ, ಮ್ಯಾಕ್ ಒಪ್ಪುವುದಿಲ್ಲ. 2024ರ ಎಂ3 ಚಿಪ್ಪಿನ ಏರ್ ಯಂತ್ರದಲ್ಲಿ ಮುಚ್ಚಳ ಮುಚ್ಚಿದರೆ ಎರಡು ಪರದೆ, 2025ರ ಎಂ4 ಚಿಪ್ಪಿನದರಲ್ಲಿ ಮುಚ್ಚಳ ತೆರೆದಿದ್ದರೂ ಎರಡು ಪರದೆ ಸಾಧ್ಯವಾಯಿತು. ಹಳೆಯ ಯಂತ್ರದವರಿಗೆ ಡಿಸ್‌ಪ್ಲೇಲಿಂಕ್ ಎಂಬ ಬೇರೆ ತಂತ್ರದ ಡಾಕ್ ಉಂಟು. ಅದಕ್ಕೆ ಯಂತ್ರದಲ್ಲಿ ಒಂದು ತಂತ್ರಾಂಶವನ್ನು ಹಾಕಿಕೊಂಡು, ಪರದೆಯನ್ನು ದಾಖಲಿಸುವ ಅನುಮತಿಯನ್ನೂ ಅದಕ್ಕೆ ಕೊಡಬೇಕು. ಕಕ್ಷಿದಾರರ ಗುಟ್ಟುಗಳನ್ನು ಪರದೆಯ ಮೇಲಿಟ್ಟುಕೊಂಡಿರುವವನು ಆ ಅನುಮತಿಯನ್ನು ಕೊಡುವ ಮೊದಲು ಒಂದು ಕ್ಷಣ ಯೋಚಿಸುವುದು ಸಹಜ.

ಇಲ್ಲಿ ಅಂಗಡಿಯವನು ಸುಳ್ಳು ಹೇಳಿದನೆ? ಡಾಕ್ ಎರಡು ಪರದೆಗಳನ್ನು ನಡೆಸುತ್ತದೆ. ವಿಂಡೋಸ್ ಯಂತ್ರಕ್ಕೆ ಜೋಡಿಸಿ ಅವನು ತೋರಿಸಿಯೂ ಕೊಟ್ಟಾನು. ಪೊಟ್ಟಣದ ಚಿತ್ರವೂ ಸುಳ್ಳಲ್ಲ. ಕಿಂಡಿಯೂ ತಂತಿಯೂ ಸರಿಯಾಗಿಯೇ ಕೂಡಿಕೊಂಡವು. ಒಂದೊಂದು ಮಾತೂ ಪ್ರತ್ಯೇಕವಾಗಿ ಸತ್ಯ. ಎಲ್ಲ ಸತ್ಯಗಳೂ ಕೂಡಿ ಗ್ರಾಹಕನ ಮನಸ್ಸಿನಲ್ಲಿ ಹುಟ್ಟಿಸಿದ ನಂಬಿಕೆ ಮಾತ್ರ ಅಸತ್ಯ.

ಇದಕ್ಕಿಂತ ಸೂಕ್ಷ್ಮವಾದುವು ಅಂಕಿಗಳ ವಿಷಯ. ಅಗ್ಗದ ಡಾಕುಗಳ ಮೇಲೆ ‘4ಕೆ’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿರುತ್ತಾರೆ. ಆ ಸ್ಪಷ್ಟತೆಯ ಚಿತ್ರವು ಸೆಕೆಂಡಿಗೆ 60 ಬಾರಿ ಬದಲಾಗುವುದೋ 30 ಬಾರಿ ಮಾತ್ರವೋ ಎಂಬುದು ಹಿಂಬದಿಯ ಸಣ್ಣಕ್ಷರದಲ್ಲಿರುತ್ತದೆ. ತಂತಿಯೊಳಗಿನ ವೇಗದ ದಾರಿಗಳು ನಾಲ್ಕು. ಅವುಗಳಲ್ಲಿ ಎರಡನ್ನು ಮಾಹಿತಿಗೆ ಬಿಟ್ಟುಕೊಟ್ಟು ಎರಡರಲ್ಲಿಯೇ ಚಿತ್ರವನ್ನು ಸಾಗಿಸಬೇಕಾದಾಗ ಹಳೆಯ ಪದ್ಧತಿಯ ಡಾಕುಗಳಲ್ಲಿ 30ಕ್ಕೆ ಇಳಿಯುತ್ತದೆ. ಮೌಸಿನ ಬಾಣ ಎಳೆದೆಳೆದು ಚಲಿಸುತ್ತದೆ. ದಿನವಿಡೀ ನೋಡುವವನ ಕಣ್ಣು ಬಳಲುತ್ತದೆ. ಕಾರಣ ಅವನಿಗೆ ತಿಳಿಯುವುದಿಲ್ಲ. ಹಾಗೆಯೇ ‘100 ವ್ಯಾಟ್’ ಎಂದು ಬರೆದಿರುವ ಅನೇಕ ಡಾಕುಗಳು ತಮ್ಮ ಸ್ವಂತ ನಿರ್ವಹಣೆಗೆ 15 ವ್ಯಾಟ್‌ನಷ್ಟನ್ನು ತೆಗೆದಿರಿಸಿಕೊಂಡು ಉಳಿದ 85ನ್ನು ಯಂತ್ರಕ್ಕೆ ಕೊಡುತ್ತವೆ. ತೂಗುವಾಗ ಚೀಲದ ಭಾರವನ್ನೂ ಸೇರಿಸಿ ಅಕ್ಕಿಯ ಬೆಲೆಯಲ್ಲಿ ಮಾರಿದಂತೆ ಇದು.

ನಾನು ಜವಳಿ ವ್ಯಾಪಾರದವನು. ಈ ಜಾತಿಯ ಸತ್ಯ ನಮ್ಮ ಪೇಟೆಗೆ ಅಪರಿಚಿತವಲ್ಲ. ಕೃತಕ ರೇಷ್ಮೆಗೆ ಇಂಗ್ಲಿಷಿನಲ್ಲಿ ಇದ್ದ ಹೆಸರನ್ನು ಮೊಟಕುಮಾಡಿ ‘ಆರ್ಟ್ ಸಿಲ್ಕ್’ ಎಂದು ಮಾರುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಕೊಳ್ಳುವ ಗೃಹಿಣಿಗೆ ಅದು ಕಲಾತ್ಮಕ ರೇಷ್ಮೆಯೆಂದು ಕೇಳಿಸುತ್ತದೆ. ಕೇಳಿದರೆ, ‘ನಾವು ಆರ್ಟ್ ಸಿಲ್ಕ್ ಎಂದೇ ಹೇಳಿ ಕೊಟ್ಟಿದ್ದೇವಲ್ಲ ತಾಯಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೂ ಬಟ್ಟೆಯ ವಿಷಯದಲ್ಲಿ ಗ್ರಾಹಕನ ಕೈಯಲ್ಲಿಯೇ ಒಂದು ಪರೀಕ್ಷೆಯಿದೆ. ಅಂಚಿನಿಂದ ಒಂದು ಎಳೆ ಎಳೆದು ಸುಟ್ಟರೆ ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ, ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಂಟಾಗುತ್ತದೆ. 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್ ಚೀಟಿಯೂ ಬಂದ ಮೇಲೆ ಶುದ್ಧ ರೇಷ್ಮೆಯನ್ನು ಗುರುತಿಸುವುದು ಇನ್ನಷ್ಟು ಸುಲಭವಾಯಿತು. ಟೈಪ್-ಸಿ ತಂತಿಯ ಎಳೆಯನ್ನು ಯಾರು ಸುಟ್ಟು ನೋಡುವರು? ಗ್ರಾಹಕನ ಪರೀಕ್ಷಾಸಾಮರ್ಥ್ಯ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ವರ್ತಕನ ಹೊಣೆ ದೊಡ್ಡದಾಗುತ್ತದೆಂಬುದು ನನ್ನ ಅಭಿಪ್ರಾಯ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯ ಎರಡು ಈ ಸಂದರ್ಭಕ್ಕೆ ನೇರವಾಗಿ ಸಂಬಂಧಿಸಿವೆ. ಒಂದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು. ಮತ್ತೊಂದು, ಪ್ರತಿರೂಪಕ ವ್ಯವಹಾರ. 100 ವ್ಯಾಟ್ ಎಂದು ಹೇಳಿ 85 ಮುಟ್ಟಿಸುವುದು ಮೊದಲನೆಯದರ ನೆರೆಯಲ್ಲಿಯೇ ಇದೆ. ಎರಡನೆಯದನ್ನು ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಕೃತಕವಾದ ಹೊನ್ನು ಮೊದಲಾದವುಗಳಿಂದ ವಂಚನಾಪೂರ್ವಕವಾಗಿ ನಡೆಸುವ ವ್ಯಾಪಾರವೆಂಬ ಅರ್ಥದಲ್ಲಿ ವಿವರಿಸಿದ್ದಾರೆ. ಇಲ್ಲಿ ಯಾರಾದರೂ ಆಕ್ಷೇಪಿಸಬಹುದು: ಚಿತ್ರ ಸಾಗಿಸದ ಟೈಪ್-ಸಿ ಕಿಂಡಿಯೇನೂ ಖೋಟಾ ಹೊನ್ನಲ್ಲ, ಅದು ಪ್ರಾಮಾಣಿಕವಾದ ಟೈಪ್-ಸಿ ಕಿಂಡಿಯೇ, ಹಾಗಾದ ಮೇಲೆ ಪ್ರತಿರೂಪಕ ಎಲ್ಲಿಂದ ಬಂದಿತು? ಆಕ್ಷೇಪಣೆ ಸರಿಯಾದದ್ದೇ. ಆದರೆ ದೋಷವನ್ನು ಹೇಳಿರುವುದು ವ್ಯವಹಾರಕ್ಕೆ ಎಂಬುದನ್ನು ಗಮನಿಸಬೇಕು. ಹಿತ್ತಾಳೆಯನ್ನು ಹಿತ್ತಾಳೆಯೆಂದು ಮಾರುವವನಿಗೆ ಯಾವ ಅತಿಚಾರವೂ ಇಲ್ಲ. ಹೊನ್ನಿನ ಅಂಗಡಿಯಲ್ಲಿ, ಹೊನ್ನಿನ ಪೆಟ್ಟಿಗೆಯಲ್ಲಿಟ್ಟು, ಗ್ರಾಹಕನು ಹೊನ್ನೆಂದು ತಿಳಿದು ಕೊಳ್ಳುತ್ತಿದ್ದಾನೆಂದು ಗೊತ್ತಿದ್ದೂ ಸುಮ್ಮನೆ ಬಿಲ್ಲು ಬರೆಯುವವನು ಹಿತ್ತಾಳೆಯ ವಿಷಯದಲ್ಲಿ ಒಂದು ಮಾತೂ ಸುಳ್ಳಾಡದೆ ಆ ದೋಷಕ್ಕೆ ಗುರಿಯಾಗುತ್ತಾನೆ.

‘ನನಗೇ ಗೊತ್ತಿರಲಿಲ್ಲ’ ಎಂಬುದು ಇಂದಿನ ಅಂಗಡಿಗಳಲ್ಲಿ ಅತ್ಯಂತ ಸಾಮಾನ್ಯವಾದ ಉತ್ತರ, ಬಹುಮಟ್ಟಿಗೆ ನಿಜವಾದ ಉತ್ತರವೂ ಹೌದು. ಕೌಂಟರಿನ ಹುಡುಗನಿಗೆ ದಿನಕ್ಕೆ ನೂರು ಬಗೆಯ ಸಾಮಾನು. ಎಲ್ಲದರ ಒಳಗುಟ್ಟನ್ನು ಅವನು ಬಲ್ಲನೆಂದು ನಿರೀಕ್ಷಿಸುವುದು ಕಷ್ಟ. ವಂಚಿಸುವ ಬುದ್ಧಿಯಿಲ್ಲದಲ್ಲಿ ವಂಚನೆಯಿಲ್ಲವೆಂಬುದನ್ನು ಒಪ್ಪೋಣ. ಆದರೆ ನಮ್ಮ ಶಾಸ್ತ್ರವು ಪಾಪದ ಬೇರನ್ನು ಹುಡುಕುವಾಗ ದುರ್ಬುದ್ಧಿಯಲ್ಲಿಯೇ ನಿಲ್ಲುವುದಿಲ್ಲ. ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದಕ್ಕೆ, ಎಂದರೆ ಎಚ್ಚರಗೇಡಿತನಕ್ಕೆ ಕೊಟ್ಟಿರುವ ಸ್ಥಾನವನ್ನು ವ್ಯಾಖ್ಯಾನಕಾರರು ಅಸತ್ಯ, ಸ್ತೇಯಗಳಿಗೂ ಅನ್ವಯಿಸಿದ್ದಾರೆ. ತಿಳಿಯಲು ಸಾಧ್ಯವಿದ್ದುದನ್ನು ತಿಳಿಯದೆ, ತಿಳಿದವನಂತೆ ‘ಆಗುತ್ತೆ ಸಾರ್’ ಎನ್ನುವುದು ಪ್ರಮಾದವಲ್ಲದೆ ಮತ್ತೇನು? ‘ನನಗೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ’ ಎಂದವನಿಗೆ ಅಜ್ಞಾನವಿರಬಹುದು, ಪ್ರಮಾದವಿಲ್ಲ. ಇವೆರಡರ ನಡುವಿನ ಅಂತರವು ಒಂದು ವಾಕ್ಯದ್ದಾದರೂ ಆ ವಾಕ್ಯವನ್ನು ಕೌಂಟರಿನಲ್ಲಿ ನಿಂತು ಹೇಳುವುದು ಸುಲಭವಲ್ಲವೆಂಬುದನ್ನು ವ್ಯಾಪಾರ ಮಾಡಿದವರೆಲ್ಲ ಬಲ್ಲರು. ದೊಡ್ಡ ಹೊಣೆಯಂತೂ ಹುಡುಗನದಲ್ಲ. ಅವನಿಗೆ ಕಲಿಸದೆ ಕೌಂಟರಿನಲ್ಲಿ ನಿಲ್ಲಿಸಿದ ಯಜಮಾನನದು.

‘ಈ ಡಾಕ್ ಎರಡು ಪರದೆಗಳನ್ನು ನಡೆಸುತ್ತದೆಯೆ?’ ಎಂಬ ಪ್ರಶ್ನೆಗೆ ಹೌದೆಂಬ ಉತ್ತರವೂ ಪೂರ್ಣಸತ್ಯವಲ್ಲ, ಇಲ್ಲವೆಂಬ ಉತ್ತರವೂ ಪೂರ್ಣಸತ್ಯವಲ್ಲ. ಒಂದು ಅಪೇಕ್ಷೆಯಿಂದ ನಡೆಸುತ್ತದೆ, ಇನ್ನೊಂದು ಅಪೇಕ್ಷೆಯಿಂದ ನಡೆಸುವುದಿಲ್ಲ. ಸ್ಯಾದ್ವಾದಕ್ಕೆ ಇದಕ್ಕಿಂತ ಮನೆಯಂಗಳದ ಉದಾಹರಣೆ ಸಿಕ್ಕುವುದು ದುರ್ಲಭ. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ‘ಸ್ಯಾತ್’ ಎಂಬುದಕ್ಕೆ ‘ಇದ್ದರೂ ಇರಬಹುದು’ ಎಂಬ ಜಾರಿಕೆಯ ಅರ್ಥವನ್ನು ಹಚ್ಚಿ ನಮ್ಮ ದರ್ಶನವನ್ನು ಸಂಶಯವಾದವೆಂದು ಹಳಿದವರು ಹಿಂದಿನಿಂದಲೂ ಇದ್ದಾರೆ. ‘ಅದು ನಿಮ್ಮ ಸಿಸ್ಟಮ್ ಮೇಲೆ ಹೋಗುತ್ತೆ ಸಾರ್’ ಎಂದು ಹೇಳಿ ಬಿಲ್ಲಿನ ಪುಸ್ತಕಕ್ಕೆ ಕೈಹಾಕುವ ಅಂಗಡಿಯವನು ಆ ಹಳಿಯುವವರ ಕಲ್ಪನೆಯ ಸ್ಯಾದ್ವಾದಿ. ನಿಜವಾದ ಸ್ಯಾದ್ವಾದಿ ಅಪೇಕ್ಷೆಯನ್ನು ಹೆಸರಿಸಬೇಕು: ಇಂತಹ ಚಿಪ್ಪಿನ ಯಂತ್ರಕ್ಕೆ, ಇಂತಹ ತಂತಿಯಿಂದ, ಸೆಕೆಂಡಿಗೆ ಇಷ್ಟು ಬಾರಿಯಂತೆ, ಇಷ್ಟು ಪರದೆ. ಇದು ಸಂಶಯವಲ್ಲ, ನಿಶ್ಚಯ. ಬರಿಯ ‘ಹೌದು’ ಎಂಬುದಕ್ಕಿಂತ ಹೆಚ್ಚಿನ ನಿಶ್ಚಯ. ಟೈಪ್-ಸಿ ಕಿಂಡಿಯ ಆಕಾರವು ಯಾವ ಅಪೇಕ್ಷೆಯನ್ನೂ ಹೇಳದೆ ‘ಆಗುತ್ತದೆ’ ಎಂದಷ್ಟೇ ಹೇಳುತ್ತದೆ. ಅಂದರೆ ಅದು ಏಕಾಂತವಾದಿ. ಅದು ಬಿಟ್ಟ ‘ಸ್ಯಾತ್’ ಪದವನ್ನು ಮತ್ತೆ ಸೇರಿಸುವ ಕೆಲಸ ಮಾರುವವನ ಪಾಲಿಗೆ ಬಂದಿದೆ.

ಈ ಗೊಂದಲಕ್ಕೆ ನಿಯಮಗಳನ್ನು ಮಾಡುವವರೂ ಕಾರಣರೆಂಬುದನ್ನು ಮುಚ್ಚಿಡಲಾಗದು. 2008ರಲ್ಲಿ ಯುಎಸ್‌ಬಿ 3.0 ಎಂದು ಹೆಸರಿಟ್ಟ, ಸೆಕೆಂಡಿಗೆ 5 ಗಿಗಾಬಿಟ್ ವೇಗದ ಅದೇ ಸರಕು ಮುಂದೆ 3.1 ಜೆನ್ 1 ಎಂದೂ, ಆಮೇಲೆ 3.2 ಜೆನ್ 1 ಎಂದೂ ಮರುನಾಮಕರಣ ಹೊಂದಿತು. ವೇಗ ಒಂದಿಷ್ಟೂ ಹೆಚ್ಚಲಿಲ್ಲ. ಪೊಟ್ಟಣದ ಮೇಲಿನ ಸಂಖ್ಯೆ ಮಾತ್ರ ಹೆಚ್ಚಿತು. ಕಿರಾಣಿ ಅಂಗಡಿಯವನು ಹಳೆಯ ಬೇಳೆಗೆ ವರ್ಷಕ್ಕೊಂದು ಹೊಸ ಹೆಸರಿಟ್ಟಿದ್ದರೆ ಸುತ್ತಲಿನವರು ಏನೆನ್ನುತ್ತಿದ್ದರು? ಕೊನೆಗೆ 2022ರಲ್ಲಿ ಆ ಸಂಘಟನೆಯೇ ಈ ಹೆಸರುಗಳನ್ನು ಗ್ರಾಹಕರ ಮುಂದಿಡುವುದನ್ನು ಬಿಟ್ಟು, ವೇಗವನ್ನೂ ವ್ಯಾಟ್‌ಗಳನ್ನೂ ನೇರವಾಗಿ ಅಂಕಿಯಲ್ಲಿ ತೋರಿಸುವ ಗುರುತುಗಳನ್ನು ಸೂಚಿಸಿತು. ಒಳ್ಳೆಯ ಕೆಲಸ, ಕಡ್ಡಾಯವಲ್ಲ ಎಂಬುದೊಂದೇ ಕೊರತೆ.

ಕಾನೂನು ಎಷ್ಟು ದೂರ ಬಂದಿದೆ? ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಮುಖ್ಯವಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವುದನ್ನೂ ದಾರಿತಪ್ಪಿಸುವ ಜಾಹೀರಾತಿನ ವ್ಯಾಖ್ಯೆಯಲ್ಲಿ ಸೇರಿಸಿದೆ. ಮೌನವೂ ಮಾತಾಗಬಲ್ಲದೆಂಬುದನ್ನು ಕಾಯಿದೆಯೂ ಒಪ್ಪಿದಂತಾಯಿತು. ಯೂರೋಪಿಯನ್ ಒಕ್ಕೂಟವು 2022ರಲ್ಲಿ ಮಾಡಿದ ನಿಯಮದ ಪ್ರಕಾರ ಅಲ್ಲಿ ಮಾರುವ ಮೊಬೈಲ್ ಮೊದಲಾದವುಗಳಿಗೆ 2024ರ ಡಿಸೆಂಬರ್ 28ರಿಂದಲೂ ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರಿಂದಲೂ ಚಾರ್ಜಿಂಗಿಗೆ ಟೈಪ್-ಸಿ ಕಿಂಡಿಯನ್ನೇ ಕೊಡಬೇಕೆಂದಾಯಿತು. ಎಷ್ಟು ವ್ಯಾಟ್ ಬೇಕೆಂಬುದನ್ನು ಪೊಟ್ಟಣದ ಮೇಲೆ ಗುರುತಿನಿಂದ ತೋರಿಸಬೇಕೆಂದೂ ವಿಧಿಸಲಾಯಿತು. ಆದರೆ ಈ ವಿಧಿಯು ಚಾರ್ಜಿಂಗಿಗೆ ಸಂಬಂಧಿಸಿದ್ದು. ಕಿಂಡಿಯಿಂದ ಚಿತ್ರ ಹೊರಡುವುದೋ ಇಲ್ಲವೋ, ಹೊರಟರೆ ಎಷ್ಟು ಪರದೆಗೆ ಎಂಬುದು ಹಿಂದಿನಂತೆಯೇ ಅಂಗಡಿಯ ವಿವೇಕಕ್ಕೆ ಬಿಟ್ಟದ್ದು.

ಎದುರುವಾದವೊಂದು ಉಳಿಯುತ್ತದೆ, ಅದನ್ನು ವ್ಯಾಪಾರಿಗಳಾದ ನನ್ನ ಗೆಳೆಯರೇ ಎತ್ತುತ್ತಾರೆ. ‘ನೀವು ಹೇಳುವಂತೆ ಪ್ರತಿಯೊಂದು ನಿಬಂಧನೆಯನ್ನೂ ವಿವರಿಸುತ್ತ ಕುಳಿತರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಅಲ್ಲಿ ‘ಆಗುತ್ತೆ’ ಎಂದು ಹೇಳಿ ಮಾರುತ್ತಾರೆ.’ ಹೋಗುತ್ತಾನೆ, ಸಂದೇಹವಿಲ್ಲ. ಎರಡು ಮೂರು ಸಾವಿರದ ಡಾಕಿನಲ್ಲಿ ಸಿಕ್ಕುವ ಲಾಭವೇ ಅಲ್ಪ. ಅದರಲ್ಲಿ ಅರ್ಧ ಗಂಟೆಯ ವಿವರಣೆಯನ್ನು ಬೇಡುವುದು ಅತಿಯಾದೀತು. ಇಪ್ಪತ್ತು ಸಾವಿರ ದಾಟುವ ಥಂಡರ್‌ಬೋಲ್ಟ್ ಡಾಕಿನ ಗಿರಾಕಿಗೆ ಕೊಡುವ ಸಮಯವನ್ನು ಇವನಿಗೂ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಅಣುವ್ರತವು ಸಂಸಾರಿಗೆ ಹೇಳಿದ್ದು. ಅದು ಅಂಗಡಿಯನ್ನು ಮುಚ್ಚಿಸುವುದಿಲ್ಲ. ಎರಡು ಪ್ರಶ್ನೆ ಸಾಕು: ಯಾವ ಲ್ಯಾಪ್‌ಟಾಪ್, ಎಷ್ಟು ಪರದೆ? ಉತ್ತರವನ್ನು ಬಿಲ್ಲಿನ ಕೆಳಗೆ ಒಂದು ಸಾಲಿನಲ್ಲಿ ಬರೆದು, ಅದಕ್ಕೆ ಈ ಡಾಕ್ ಹೊಂದುವುದೆಂದೋ ಇಲ್ಲವೆಂದೋ ಸೇರಿಸಿದರೆ ಮುಗಿಯಿತು.

ಆ ಸಾಲಿನಿಂದ ಇನ್ನೊಂದು ವಿವಾದವೂ ಬಗೆಹರಿಯುತ್ತದೆ. ಪೊಟ್ಟಣ ಒಡೆದ ಸಾಮಾನನ್ನು ಸಗಟು ವ್ಯಾಪಾರಿ ಹಿಂದಕ್ಕೆ ಪಡೆಯುವುದು ಅಪರೂಪ. ಆದುದರಿಂದ ಅಂಗಡಿಯವನೂ ‘ಒಡೆದದ್ದನ್ನು ಪಡೆಯುವುದಿಲ್ಲ’ ಎಂದು ಫಲಕ ಹಾಕಿರುತ್ತಾನೆ. ಹೊಂದುವುದೋ ಇಲ್ಲವೋ ಎಂಬುದು ಒಡೆಯದೆ ತಿಳಿಯುವಂತಿಲ್ಲವಾದ್ದರಿಂದ ಈ ಫಲಕವು ಗ್ರಾಹಕನಿಗೆ ಅನ್ಯಾಯವನ್ನೇ ಮಾಡುತ್ತದೆ. ಹೊಂದುವುದೆಂದು ಬಿಲ್ಲಿನಲ್ಲಿ ಬರೆದುಕೊಟ್ಟಿದ್ದು ಹೊಂದದಿದ್ದರೆ ನಷ್ಟವನ್ನು ಅಂಗಡಿಯವನು ಹೊರಬೇಕು. ಹೊಂದದೆಂದು ಬರೆದುಕೊಟ್ಟ ಮೇಲೂ ಹಟದಿಂದ ಕೊಂಡವನ ನಷ್ಟ ಅವನದೇ. ಏನನ್ನೂ ಕೇಳದೆ, ಏನನ್ನೂ ಬರೆಯದೆ ಮಾರಿದ್ದಲ್ಲಿ ನಷ್ಟವನ್ನು ಅರ್ಧರ್ಧ ಹಂಚಿಕೊಳ್ಳಲೆಂದು ಕೆಲವರು ಸೂಚಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೇಳಬೇಕಾದ ಪ್ರಶ್ನೆ ಯಾವುದೆಂಬುದು ಗ್ರಾಹಕನಿಗೆ ತಿಳಿದಿರುವುದಿಲ್ಲ, ವರ್ತಕನಿಗೆ ತಿಳಿದಿರಬೇಕು. ಆದುದರಿಂದ ಆ ನಷ್ಟವೂ ಪೂರ್ತಿಯಾಗಿ ಅಂಗಡಿಯ ಖಾತೆಗೇ ಬರಬೇಕು.